ಎಂಬತ್ತೈದು, ಎಪ್ಪತ್ತು, ಅರವತ್ತೈದು

ಅಣ್ಣ ಮನೆಯಲ್ಲಿದ್ದ ಕೊನೆಯ ಪೂರ್ತಿ ದಿನ ಮಂಗಳವಾರ. ಅಂದು ಬೆಳಿಗ್ಗೆ ನಳ ಬಂದಿತ್ತು. ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬಿಡುತ್ತಿದ್ದ ಕಾಲ ಅದು. ನಾನು ಹಂಡೆ, ಕೊಡ, ಬಕೆಟ್ಟು ಎಲ್ಲ ಸಾಲಾಗಿಟ್ಟು ತುಂಬಿಸುತ್ತಿದ್ದೆ. ಮಹಡಿಯಿಂದ ಅವನು ಕೂಗಿದ.

"ಏ, ತೂಕಕ್ಕ ಬಾ. ಅಜ್ಜಾರು ಹತ್ತೂವರಿ ರೈಲಿಗೆ ಬರ್ತಾರ."

"ನಳ ಹೊಂಟತಿ. ಬೇಕಾದ್ರ ನೀನ ಇಳದು ಬಂದು ಎರಡು ಕೊಡ ಹೊರು."

"ನಾ ಹೊತ್ರ ಸ್ಟೀಲಿನ ಕೊಡಾನೂ ಒಡೀತೈತಿ. ಲಗೂ ಬಾ."

ನಳದ ಕೆಳಗೆ ದೊಡ್ಡ ಬಕೆಟ್ಟು ಇಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮೇಲೆ ಹೋದೆ.

ಮೇಲಿನ ಕೋಣೆಯೇ ನಮ್ಮ ರೆಕಾರ್ಡಿಂಗ್ ಕೋಣೆ. ಹಳೇ ಹುಬ್ಬಳ್ಳಿಯ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮಲ್ಲಿ ಸೀನು ಬರುತ್ತದೆ. ಆ ಸದ್ದು ತಡೆಯಲೆಂದು ನಾಲ್ಕೂ ಗೋಡೆಗೆ ಅವ್ವ ಹೊಲಿದಿದ್ದ ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದ್ದೆವು. ಅವ್ವ, ಅಪ್ಪ ಇಬ್ಬರೂ ಆಗಲೇ ಇರಲಿಲ್ಲ. ಅಣ್ಣನೂ ನಾನೂ ಮದುವೆಯಾಗಿರಲಿಲ್ಲ. ಅದರ ಕಾರಣ ಇಲ್ಲಿ ಬೇಡ.

ತೂಕ ಎಂದರೆ ಏನು ಎಂದು ಹೇಳಬೇಕು. ನಮ್ಮಪ್ಪ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ತೂಕ ಮಾಡುತ್ತಿದ್ದವರು. ಕಾಟಾದ ಮೇಲೆ ಶೇಂಗಾದ ಚೀಲ ಕೂತ ಕೂಡಲೇ ಅಪ್ಪ ತೂಕವನ್ನು ಕೂಗುತ್ತಿದ್ದರು. ಚೀಟಿ ಬರೆಯುವವನು ಅದನ್ನೇ ತಿರುಗಿ ಕೂಗಬೇಕು. ಅವನು ಕೂಗುವವರೆಗೆ ಹಮಾಲರು ಚೀಲಕ್ಕೆ ಕೈ ಹಚ್ಚುವಂತಿಲ್ಲ. ಮೊದಲನೆಯ ಚೀಲಕ್ಕೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದರು. ಎಣಿಕೆ ಎರಡರಿಂದ. "ತಿರುಗಿ ಹೇಳಲಾರದ ತೂಕ ತೂಕ ಅಲ್ಲ" ಎನ್ನುವುದು ಅಪ್ಪನ ಮಾತು. ಮನೆಯಲ್ಲೂ ಅದೇ ಚಟ. ಉಣ್ಣುವಾಗ "ಎರಡು ರೊಟ್ಟಿ" ಎಂದು ಕೇಳಿದರೆ ಅವ್ವ "ಎರಡು ರೊಟ್ಟಿ" ಎಂದು ತಿರುಗಿ ಹೇಳಬೇಕು. ಅವ್ವ ಹೇಳುತ್ತಿರಲಿಲ್ಲ. "ನಾ ಏನ್ ನಿಮ್ಮ ಗುಮಾಸ್ತ ಏನ್ರಿ?" ಎಂದು ರೊಟ್ಟಿಯನ್ನು ತಾಟಿಗೆ ಒಗೆಯುತ್ತಿದ್ದಳು.

ತೊಂಬತ್ತರ ದಶಕದಲ್ಲಿ ನಮ್ಮದು ಕ್ಯಾಸೆಟ್ಟಿನ ಕೆಲಸ. ಭಜನೆ, ತತ್ವಪದ, ಮದುವೆಯ ಹಾಡು. ಅಣ್ಣ ರೆಕಾರ್ಡ್ ಮಾಡುತ್ತಿದ್ದ, ನಾನು ಲೇಬಲ್ ಬರೆಯುತ್ತಿದ್ದೆ. ಹತ್ತನೆಯ ತರಗತಿಯವರೆಗೆ ಕಲಿತವಳು ನಾನು. ಅಕ್ಷರ ದುಂಡಗಿತ್ತು ಎಂಬುದೇ ನನ್ನ ಯೋಗ್ಯತೆ. ಆಮೇಲೆ ಕ್ಯಾಸೆಟ್ ಕೊಳ್ಳುವವರು ಕಡಿಮೆಯಾದರು, ಕಂಪ್ಯೂಟರ್ ಬಂತು. ಗಿರಾಕಿಗಳು ತರುತ್ತಿದ್ದ ಸಿಡಿಗಳಿಂದ ಅದಕ್ಕೆ ತಿಂಗಳಿಗೊಮ್ಮೆ ವೈರಸ್. ಧಾರವಾಡದ ಒಬ್ಬ ಕಾಲೇಜು ಮಾಸ್ತರರು ನೋಡಿ ನೋಡಿ ಬೇಸತ್ತು, ಅದನ್ನು ತೆಗೆದು ಲಿನಕ್ಸ್ ಹಾಕಿಕೊಟ್ಟರು. ವೈರಸ್ ಹೋಯಿತು, ಆದರೆ ರೆಕಾರ್ಡ್ ಮಾಡಿದ ಹಾಡಿನ ನಡುನಡುವೆ ಟಿಕ್ ಎಂದು ಧ್ವನಿ ಕತ್ತರಿಸತೊಡಗಿತು. ಒಂದು ಮಳೆಗಾಲವೆಲ್ಲ ಅಣ್ಣ ಅದರ ಹಿಂದೆ ಬಿದ್ದ. ಕೊನೆಗೆ ಕಾರಣ ತಿಳಿದ ದಿನ ನನ್ನನ್ನು ಕೂರಿಸಿಕೊಂಡು ಹೇಳಿದ.

"ಇದರೊಳಗ ಒಂದ ಕೆಲಸ ನಡಿಯೂದಿಲ್ಲ, ನೂರಾರು ಎಳಿ ಒಮ್ಮೆಲೆ ಓಡ್ತಿರ್ತಾವ. ಪರದೆ ತೋರಸೂದು ಒಂದು, ಗಡಿಯಾರ ಒಂದು, ಡಿಸ್ಕಿಗೆ ಬರಿಯೂದು ಒಂದು. ಧ್ವನಿ ಅಂದ್ರ ರೈಲು. ಬಾಕಿದ್ದೆಲ್ಲಾ ಟಾಂಗಾ, ಸೈಕಲ್ಲು, ಎಮ್ಮಿ. ರೈಲು ಬಂತಂದ್ರ ಗೇಟ್ ಹಾಕಬೇಕು, ಎಮ್ಮಿ ನಿಂದ್ರಬೇಕು."

"ಎಮ್ಮಿ ನಿಂದರ್ತೈತೇನ್?"

"ಅದಕ್ಕ ನಂಬರ್ ಕೊಡೂದು."

ಒಂದರಿಂದ ತೊಂಬತ್ತೊಂಬತ್ತರವರೆಗೆ ನಂಬರು. ಅದು ಆ ಎಳೆಯ ಹಕ್ಕು. ಹೆಚ್ಚಿನ ನಂಬರಿನದು ಎದ್ದರೆ ಕಡಿಮೆಯದು ನಿಲ್ಲಬೇಕು. ಮೈಕು ಸಿಕ್ಕಿಸುವ ಡಬ್ಬಿಯನ್ನು ನೋಡಿಕೊಳ್ಳುವ ಎಳೆಗೆ ಎಂಬತ್ತೈದು. ಧ್ವನಿಯನ್ನು ಒಳಗೆ ಹಂಚುವುದಕ್ಕೆ ಎಪ್ಪತ್ತು. ಹಾಡನ್ನು ಹಿಡಿಯುವ ಪ್ರೋಗ್ರಾಮಿಗೆ ಅರವತ್ತೈದು. ಯಾವ ಎಳೆಗೆ ಈ ಹಕ್ಕು ಸಿಕ್ಕಿಲ್ಲವೋ ಅದರ ಮುಂದೆ ಸಂಖ್ಯೆ ಇರುವುದಿಲ್ಲ, ಒಂದು ಸಣ್ಣ ಅಡ್ಡಗೆರೆ ಇರುತ್ತದೆ. ಹಕ್ಕು ಸಿಗದಿದ್ದರೂ ಕೆಲಸ ನಿಲ್ಲುವುದಿಲ್ಲ. ನಡುನಡುವೆ ಕತ್ತರಿಸುತ್ತಾ ಹಾಡು ರೆಕಾರ್ಡ್ ಆಗುತ್ತಲೇ ಇರುತ್ತದೆ. ಅದೇ ಅದರ ಕೆಟ್ಟ ಗುಣ.

ಶುರುವಿನಲ್ಲಿ ನಾನು ಒಮ್ಮೆ ಅರವತ್ತೈದನ್ನು ಅಳಿಸಿ ಒಂದು ಎಂದು ಹಾಕಿದ್ದೆ. ಎಲ್ಲಕ್ಕಿಂತ ಮೇಲಿನದು ಒಂದೇ ಅಲ್ಲವೇ ಎಂದು. ಅಂದಿನ ಹಾಡೆಲ್ಲ ಹಾಳು. ಅಣ್ಣ ಮೂರು ದಿನ ನಕ್ಕ. "ಒಂದನೇ ನಂಬರಿನ ಶೇಂಗಾ ಅಂದುಕೊಂಡ್ಯಾ?" ಎಂದು ಕೇಳುತ್ತಿದ್ದ. ಆಮೇಲೆ ಈ ಮೂರು ಸಾಲುಗಳನ್ನಷ್ಟೇ ತೋರಿಸುವ ಒಂದು ಚಿಕ್ಕ ಆಜ್ಞೆ ಮಾಡಿ ಅದಕ್ಕೆ ತೂಕ ಎಂದು ಹೆಸರಿಟ್ಟ. ಪ್ರತಿ ರೆಕಾರ್ಡಿಂಗಿಗೂ ಮೊದಲು ನಾನು ತೂಕ ಎಂದು ಟೈಪು ಮಾಡಿ ಬಂದದ್ದನ್ನು ಗಟ್ಟಿಯಾಗಿ ಓದಬೇಕು. ಅವನು ಎಲ್ಲಿದ್ದರೂ ತಿರುಗಿ ಹೇಳಬೇಕು. ಹೇಳಿದ ಮೇಲೆಯೇ ಕೆಂಪು ಗುಂಡಿ ಒತ್ತುವುದು. ಎರಡು ವರ್ಷ ಹೀಗೇ ನಡೆಯಿತು. ಎರಡು ವರ್ಷವೂ ಅದೇ ಮೂರು ಸಂಖ್ಯೆ.

ಆ ಮಂಗಳವಾರ ಒಂದು ಹೊಸತಿತ್ತು. ಹಿಂದಿನ ಸಂಜೆ ಅವನು ಕಂಪ್ಯೂಟರಿನಲ್ಲಿ ನನ್ನ ಹೆಸರಿನದೇ ಒಂದು ಲಾಗಿನ್ ಮಾಡಿಕೊಟ್ಟಿದ್ದ. "ಎಷ್ಟು ದಿನಾ ಅಂತ ನನ್ನ ಬಾಗಲಾ ಹಾದು ಬರ್ತಿ? ತಗೋ, ನಿನಗ ಬ್ಯಾರೆ ಬಾಗಲಾ ಮಾಡೇನಿ." ನಾನು ಮೊದಲ ಸಲ ನನ್ನ ಹೆಸರು ಹಾಕಿ ಒಳಗೆ ಹೋದೆ. ತೂಕ ಎಂದು ಒತ್ತಿದೆ. ಅಣ್ಣ ನನಗೆ ಬೆನ್ನು ಮಾಡಿ ಮೈಕಿನ ಸ್ಟ್ಯಾಂಡಿಗೆ ಟೇಪು ಸುತ್ತುತ್ತಿದ್ದ. ಕೆಳಗೆ ಬಕೆಟ್ಟು ತುಂಬಿ ಹೊರಗೆ ಚೆಲ್ಲುವ ಸದ್ದು ಕೇಳಿಸುತ್ತಿತ್ತು.

"ಲಾಭ, ಎಂಬತ್ತೈದು" ಎಂದೆ.

"ಎಂಬತ್ತೈದು."

"ಎಪ್ಪತ್ತು."

"ಎಪ್ಪತ್ತು."

"ಅರವತ್ತೈದು."

"ಅರವತ್ತೈದು. ಹೋಗು, ನಿನ್ನ ಬಕೀಟು ಅಳಾಕತ್ತೇತಿ."

ಹಾಡಲು ಬಂದವರು ಧಾರವಾಡದಾಚೆಯ ಮುಗದ ಹಳ್ಳಿಯ ಅಜ್ಜ. ಎಪ್ಪತ್ತು ದಾಟಿದ ರೈತ, ಬಾಯಲ್ಲಿ ಹಲ್ಲಿಲ್ಲ, ಹೆಗಲಲ್ಲಿ ಏಕತಾರಿ. ಅವರ ಗುರುಗಳಿಂದ ಬಂದ ಏಳು ತತ್ವಪದಗಳು ಅವರಿಗೂ ಅವರ ಹಿಮ್ಮೇಳದ ಗೆಳೆಯನಿಗೂ ಬಿಟ್ಟರೆ ಬೇರೆ ಯಾರಿಗೂ ಬರುತ್ತಿರಲಿಲ್ಲ. ಆ ಗೆಳೆಯನಿಗೆ ಅಂದು ಜ್ವರ. ಅಜ್ಜ ಒಬ್ಬರೇ ಬಂದಿದ್ದರು.

"ಪಲ್ಲವಿ ತಿರುಗಿ ಹೇಳಾಕ ಒಬ್ಬರು ಬೇಕ ಬೇಕಲ್ರಿ. ನೀವ ಕುಂದರ್ರಿ" ಎಂದು ಅಣ್ಣನಿಗೆ ಹೇಳಿದರು.

"ನನ್ನ ದನಿ ಕೇಳಿದ್ರ ಓಣ್ಯಾಗಿನ ನಾಯಿ ಎದ್ದು ಹೋಗ್ತಾವ್ರೀ ಅಜ್ಜಾರ."

"ಹೋಗ್ಲಿ ಬಿಡ್ರಿ. ಗದ್ಲಾ ಕಡಿಮಿ ಆಗ್ತೈತಿ."

ಇಪ್ಪತ್ತು ವರ್ಷ ಬೇರೆಯವರ ಹಾಡು ಹಿಡಿದವನು ಅಂದು ಮೊದಲ ಸಲ ಮೈಕಿನ ಮುಂದೆ ಕೂತ. ದನಿ ಚೆನ್ನಾಗಿರಲಿಲ್ಲ, ಆದರೆ ತಪ್ಪುತ್ತಿರಲಿಲ್ಲ. ಅಜ್ಜ ಹೇಳಿದ ಸಾಲನ್ನು ಅಪ್ಪನ ಎದುರು ಚೀಟಿ ಬರೆಯುವವನ ಹಾಗೆ ನೆಟ್ಟಗೆ ತಿರುಗಿ ಹೇಳುತ್ತಿದ್ದ. ಟಿಕ್ ಎಂದರೆ ಕೇಳಿಸುವುದು ಹೆಡ್‌ಫೋನಿನಲ್ಲಿ; ಹಾಡುವವನಾದ್ದರಿಂದ ಅವನು ಅದನ್ನು ಹಾಕಿಕೊಂಡಿರಲಿಲ್ಲ, ನಾನೂ ಹಾಕಿಕೊಳ್ಳಲಿಲ್ಲ. ನಾನು ಗುಂಡಿ ಒತ್ತಿ, ಅವನ ಮುಖ ನೋಡುತ್ತಾ ನಗು ತಡೆದುಕೊಂಡು ಕೂತಿದ್ದೆ. ಮೂರು ಗಂಟೆಗೆ ಏಳೂ ಪದ ಮುಗಿದವು. ಅಜ್ಜ ಮಿರ್ಚಿ ಭಜಿ ತಿಂದು, ಚಹಾ ಕುಡಿದು ರೈಲಿಗೆ ಹೋದರು.

"ಕೇಳೂಣೇನು?" ಎಂದೆ.

"ಬ್ಯಾಡ, ನನ್ನ ದನಿ ನಾನ ಇವತ್ತ ಕೇಳಿದ್ರ ಊಟ ಸೇರೂದಿಲ್ಲ. ನಾಳೆ ಕೇಳೂಣು."

ಮರುದಿನ ಬೆಳಿಗ್ಗೆ ಮಾಸ್ತರರಿಗೆ ಒಂದು ಸಿಡಿ ಕೊಡಲು ಧಾರವಾಡದ ಬಸ್ಸು ಹತ್ತಿದ. ಬಸ್ಸು ಧಾರವಾಡ ಮುಟ್ಟಿತು. ಎಲ್ಲರೂ ಇಳಿದರು. ಕಿಟಕಿಗೆ ತಲೆ ಒರಗಿಸಿ ಕೂತಿದ್ದವನನ್ನು ಕಂಡಕ್ಟರ್ "ಇಳೀರಿ, ಧಾರವಾಡ ಬಂತು" ಎಂದು ಎರಡು ಸಲ ಎಬ್ಬಿಸಿದನಂತೆ. ಹೃದಯ ನಿಂತಿದೆ ಎಂದು ಡಾಕ್ಟರರು ಹೇಳಿದರು. ನಲವತ್ತಾರು ವರ್ಷ. ಸಿಡಿ ಚೀಲದಲ್ಲಿತ್ತು. ಟಿಕೀಟು ಅಂಗಿಯ ಕಿಸೆಯಲ್ಲಿತ್ತು.

ಮಣ್ಣು ಮಾಡಿದರು. ಶಿವಗಣಾರಾಧನೆ ಆಯಿತು. ನೆಂಟರು ಬಂದು ಹೋದರು. ಸೋದರತ್ತೆಯೊಬ್ಬಳು ನನ್ನ ಗಲ್ಲ ಹಿಡಿದು "ಅಳವ್ವಾ, ಒಳಗ ಇಟ್ಕೋಬ್ಯಾಡ" ಎಂದಳು. ನಾನು ಪಾತ್ರೆ ತೊಳೆದೆ. ಬಾಡಿಗೆಗೆ ತಂದ ಪಾತ್ರೆಗಳು, ಎಣಿಸಿ ವಾಪಸು ಕೊಡಬೇಕಿತ್ತು. ಒಂದು ಸೌಟು ಕಡಿಮೆ ಬಂತು, ಅದನ್ನು ಸಂಜೆಯವರೆಗೆ ಹುಡುಕಿದೆ.

ತಿಂಗಳಾದ ಮೇಲೆ ಮುಗದದಿಂದ ಫೋನು ಬಂತು.

"ತಂಗೀ, ಈಗ ಕೇಳಬಾರದು, ಆದ್ರೂ ಕೇಳಾಕತ್ತೇನಿ. ಆ ಪದಾ ಹೆಂಗ ಬಂದಾವ? ಎದ್ಯಾಗ ಕಫಾ ಕಟ್ಟೇತಿ. ಇನ್ನ ಎಷ್ಟು ದಿನ ಈ ದನಿ ಅಂತ ಹೇಳಾಕ ಬರೂದಿಲ್ಲ."

ಅಂದು ಮೇಲೆ ಹೋದೆ. ಕೌದಿಗಳ ಮೇಲೆ ಧೂಳು ಕೂತಿತ್ತು. ಕಂಪ್ಯೂಟರ್ ಹಚ್ಚಿ, ರೂಢಿಯಂತೆ ಅಣ್ಣನ ಹೆಸರು ಹಾಕಿದೆ. ಪದಗಳು ಅಲ್ಲಿರಲಿಲ್ಲ. ಆಮೇಲೆ ನೆನಪಾಯಿತು, ಅಂದು ನಾನು ನನ್ನ ಬಾಗಿಲಿನಿಂದ ಹೋಗಿದ್ದೆ. ಹೊರಗೆ ಬಂದು ನನ್ನ ಹೆಸರು ಹಾಕಿದೆ. ಏಳೂ ಅಲ್ಲಿದ್ದವು.

ಮೊದಲ ಪದದಲ್ಲೇ ಟಿಕ್ ಎಂದಿತು. ಮತ್ತೆ ಎಂದಿತು. ಕಾಗದ ತೆಗೆದುಕೊಂಡು ಗೀಟು ಹಾಕುತ್ತಾ ಏಳನ್ನೂ ಕೇಳಿದೆ. ಇಪ್ಪತ್ತಮೂರು ಕಡೆ ಧ್ವನಿ ಕತ್ತರಿಸಿತ್ತು. ಅದರಲ್ಲಿ ಒಂಬತ್ತು ಕಡೆ ಅಣ್ಣನ ದನಿ. ಮೂರನೆಯ ಪದದ ಒಂದು ಕಡೆ ಅವನು ಪಲ್ಲವಿ ಎತ್ತಿಕೊಳ್ಳುವುದೇ ಇಲ್ಲ, ಬಾಲವಷ್ಟೇ ಕೇಳುತ್ತದೆ.

ತೂಕ ಎಂದು ಒತ್ತಿದೆ. ಮೂರು ಸಾಲು ಬಂದವು. ಮೊದಲನೆಯದರಲ್ಲಿ ಎಂಬತ್ತೈದು. ಎರಡನೆಯದರಲ್ಲಿ ಅಡ್ಡಗೆರೆ. ಮೂರನೆಯದರಲ್ಲಿ ಅಡ್ಡಗೆರೆ.

ಆ ಬೆಳಿಗ್ಗೆಯೂ ಅಡ್ಡಗೆರೆಯೇ ಇದ್ದಿರಬೇಕು. ನಾನು ಮೊದಲ ಸಾಲನ್ನು ಮಾತ್ರ ನೋಡಿದ್ದೆ. ಉಳಿದೆರಡನ್ನು ಬಾಯಿಪಾಠದಿಂದ ಹೇಳಿದ್ದೆ.

ಮಾರ್ಕೆಟ್ಟಿನಲ್ಲಿ ಇದಕ್ಕೂ ಅಪ್ಪನ ಒಂದು ಮಾತಿತ್ತು. ಗದ್ದಲದಲ್ಲಿ ತೂಕ ಕೇಳಿಸದಿದ್ದಾಗ ಕೆಲವರು, ಒಂದೇ ಹೊಲದ ಮಾಲು, ಒಂದೇ ಅಳತೆಯ ಚೀಲ, ಎಂದುಕೊಂಡು ಹಿಂದಿನದನ್ನೇ ಬರೆದುಬಿಡುತ್ತಿದ್ದರು. ಅಪ್ಪ ಅಂಥವರ ಜೊತೆ ಕೆಲಸ ಮಾಡುತ್ತಿರಲಿಲ್ಲ. "ಹಿಂದಿನ ಚೀಲದ ತೂಕ ಮುಂದಿನ ಚೀಲಕ್ಕ ಬರೀಬ್ಯಾಡ್ರಿ" ಎನ್ನುತ್ತಿದ್ದರು. ನಾನು ಮಾಡಿದ್ದು ಅದನ್ನೇ. ಅಣ್ಣ ಅದನ್ನು ನಂಬಿ ತಿರುಗಿ ಹೇಳಿದ. ತಿರುಗಿ ಹೇಳಿದರೆ ಕಿವಿಗೆ ಬಿದ್ದದ್ದು ಸರಿಯೋ ಎಂದು ತಿಳಿಯುತ್ತದೆ, ಕಣ್ಣಿಗೆ ಬಿದ್ದದ್ದು ಸರಿಯೋ ಎಂದು ತಿಳಿಯುವುದಿಲ್ಲ. ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ.

ಮಾಸ್ತರರಿಗೆ ಫೋನು ಮಾಡಿದೆ. ಅವರು ಕೇಳಿಕೊಂಡು ಹೇಳಿದರು. "ನಿಮ್ಮ ಹೆಸರು ಧ್ವನಿ ಗುಂಪಿನ್ಯಾಗ ಸೇರಿಸಿಲ್ರಿ ಅವರು. ಆ ಗುಂಪಿನ್ಯಾಗ ಇದ್ದವರಿಗಷ್ಟ ಈ ಹಕ್ಕು. ಮರತಾರ." ಆಮೇಲೆ ತಾವೇ, "ಮರೆಯೂ ಮನಷ್ಯಾ ಅಲ್ಲ ಬಿಡ್ರಿ. ಅವಸರ ಆಗಿರಬೇಕು" ಎಂದರು. ಅವರು ಹೇಳಿದ ಒಂದು ಸಾಲನ್ನು ಅಣ್ಣನ ಲಾಗಿನ್ನಿನಿಂದ ಟೈಪು ಮಾಡಿ, ಹೊರಗೆ ಬಂದು ಮತ್ತೆ ನನ್ನ ಹೆಸರಿನಲ್ಲಿ ಒಳಗೆ ಹೋದೆ. ಎಂಬತ್ತೈದು, ಎಪ್ಪತ್ತು, ಅರವತ್ತೈದು. ಸರಿಮಾಡಲು ಐದು ನಿಮಿಷ ಹಿಡಿಯಿತು.

ಪದಗಳನ್ನು ಸರಿಮಾಡಲು ಎಂಟು ದಿನ ನೋಡಿದೆ. ಪಲ್ಲವಿ ಮತ್ತೆ ಮತ್ತೆ ಬರುವಂಥದ್ದು. ಒಂದು ಕಡೆ ಕತ್ತರಿಸಿದ್ದರೆ ಇನ್ನೊಂದು ಕಡೆಯಿಂದ ಅವನ ಅದೇ ಮಾತನ್ನು ತಂದು ಕೂರಿಸಬಹುದು. ಮೂರನೆಯ ಪದಕ್ಕೆ ಹಾಗೆ ಮಾಡಿದೆ. ಚೆನ್ನಾಗಿ ಕೂತಿತು, ಎಲ್ಲಿ ಹಚ್ಚಿದ್ದು ಎಂದು ನನಗೇ ಕಾಣಲಿಲ್ಲ. ನಾಲ್ಕೈದು ಸಲ ಕೇಳಿದೆ. ಆಮೇಲೆ ತೆಗೆದುಹಾಕಿದೆ. ಅದು ಅವನು ಅಲ್ಲಿ ಹೇಳಿದ್ದಲ್ಲ. ಮತ್ತೊಂದು ಸಲ ಹಿಂದಿನ ಚೀಲದ ತೂಕ ಬರೆದ ಹಾಗಾಗುತ್ತಿತ್ತು.

ಮುಗದಕ್ಕೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ನನ್ನಿಂದ ತಪ್ಪಾಗಿದೆ, ನೋಡದೇ ಹೇಳಿದೆ, ಮತ್ತೊಮ್ಮೆ ಬಂದು ಹಾಡಿಕೊಡಬೇಕು ಎಂದೆ. ಅಜ್ಜ ಸ್ವಲ್ಪ ಹೊತ್ತು ಕೆಮ್ಮಿದರು.

"ಗೆಳ್ಯಾನ ಜ್ವರಾ ಬಿಟ್ಟೈತಿ. ಶುಕ್ರವಾರ ಇಬ್ಬರೂ ಬರ್ತೇವಿ. ಭಜಿ ಮಾತ್ರ ಆವತ್ತಿನ ಅಂಗಡ್ಯಾಗಿಂದನ ತರಸ್ರಿ."

ಶುಕ್ರವಾರ ಬಂದರು. ಗೆಳೆಯ ಗಿಡ್ಡ ಮುದುಕ, ತಲೆಗೆ ದೊಡ್ಡ ರುಮಾಲು. ನಲವತ್ತು ವರ್ಷದಿಂದ ಅಜ್ಜನ ಹಿಂದೆ ಕೂತು ಪಲ್ಲವಿ ತಿರುಗಿ ಹೇಳುವುದೇ ಅವನ ಕೆಲಸ. ಇಬ್ಬರೂ ಚಾಪೆಯ ಮೇಲೆ ಕೂತರು. ನಾನು ತೂಕ ಎಂದು ಒತ್ತಿದೆ. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದೆ.

"ಲಾಭ, ಎಂಬತ್ತೈದು."

ಓದಿಯಾದ ಮೇಲೆ ಕಾಯುವುದು ನನಗೆ ರೂಢಿ. ಕಾದೆ.

"ಏನ್ರೀ ಅದು?" ಎಂದ ಗೆಳೆಯ.

"ಈ ಮನ್ಯಾಗ ಒಬ್ಬರು ಹೇಳಿದ್ದು ಒಬ್ಬರು ತಿರುಗಿ ಹೇಳ್ತಾರ. ಆಮ್ಯಾಲೆ ಗುಂಡಿ ಒತ್ತೂದು" ಎಂದೆ.

"ಅಷ್ಟನ? ಅದು ನನ್ನ ಕೆಲಸಾನ ಆತಲ್ಲ." ಅವನು ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಎಂಬತ್ತೈದನ್ನು ಪಲ್ಲವಿಯ ಹಾಗೆ ಎಳೆದು ಎಳೆದು ಹಾಡಿದ. ಅಜ್ಜ ಅವನ ಬೆನ್ನಿಗೆ ಗುದ್ದಿದರು.

"ಮಗನ, ತೂಕಾ ಹೇಳಂದ್ರ ಆಲಾಪ ಮಾಡ್ತಿ!"

"ನೀ ಒಬ್ಬಾವ ಇದ್ದಿ ನೋಡು, ನಲವತ್ತು ವರ್ಷ ಆತು, ಒಂದರೆ ಛಲೋ ಮಾತು ಆಡಿಲ್ಲ."

ನಾನು ಎಪ್ಪತ್ತು ಎಂದೆ, ಅವನು ಎಪ್ಪತ್ತನ್ನು ಹಾಡಿದ. ಅರವತ್ತೈದು ಎಂದೆ, ಅದನ್ನೂ ಹಾಡಿದ. ನಾನು ನಕ್ಕೆನೆಂದು ಕಾಣುತ್ತದೆ. ಅಜ್ಜ "ನಕ್ಕಳು ನೋಡು ತಂಗಿ" ಎಂದದ್ದು ನೆನಪಿದೆ.

ಏಳೂ ಪದ ಚೆನ್ನಾಗಿ ಬಂದವು. ಪರದೆಯ ಮೂಲೆಯಲ್ಲಿ ಇಂಥ ತಪ್ಪು ಎಣಿಸುವ ಒಂದು ಅಂಕಿ ಇರುತ್ತದೆ. ಅಣ್ಣ ಹೋದ ಮೇಲೆ ಅದನ್ನು ಗುರುತಿಸಲು ಕಲಿತಿದ್ದೆ. ಅದು ಕೊನೆಯವರೆಗೂ ಸೊನ್ನೆಯಾಗಿಯೇ ಇತ್ತು. ಅಜ್ಜನ ದನಿ ಹಿಂದಿಗಿಂತ ಸ್ವಲ್ಪ ಇಳಿದಿತ್ತು, ಆದರೆ ಮಾತುಗಳೆಲ್ಲ ಇದ್ದವು.

ಭಜಿ ತಿಂದ ಮೇಲೆ ಅಜ್ಜ ಹಳೆಯದನ್ನು ಕೇಳಿಸು ಎಂದರು. ಹೆಡ್‌ಫೋನ್ ಹಾಕಿ ಮೂರನೆಯ ಪದ ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು. ಟಿಕ್ ಎಂದ ಕಡೆಯೆಲ್ಲ ಅವರ ಹುಬ್ಬು ಅಲ್ಲಾಡುವುದು ಕಾಣುತ್ತಿತ್ತು.

"ಹಲ್ಲು ಬಿದ್ದ ಬಾಯಿ ಆಗೇತಿ," ಎಂದರು. "ನನ್ನಂಗ. ಹೊಸಾದು ಮಂದಿಗೆ ಕೊಡ್ರಿ. ಇದನ್ನ ಒಗೀಬ್ಯಾಡ್ರಿ."

"ತಪ್ಪು ನಂದ್ರೀ ಅಜ್ಜಾರ. ನಾ ನೋಡಿ ಹೇಳಿದ್ರ ಅವ ಗುಂಡಿ ಒತ್ತಸ್ತಿರಲಿಲ್ಲ. ಸರಿಮಾಡಿ ಆಮ್ಯಾಲೆ ಹಾಡ್ತಿದ್ದ."

ಅಜ್ಜ ಏಕತಾರಿಗೆ ಗವಸು ಹಾಕಿದರು. ಸಂಜೆಯ ರೈಲಿಗೆ ಇಬ್ಬರೂ ಹೋದರು.

ಹೊಸದನ್ನೇ ಸಿಡಿ ಮಾಡಿದೆ. ಲೇಬಲ್ ನಾನೇ ಬರೆದೆ, ಹಿಮ್ಮೇಳ ಎಂಬಲ್ಲಿ ಗೆಳೆಯನ ಹೆಸರು. ಹಳೆಯದು ನನ್ನ ಲಾಗಿನ್ನಿನಲ್ಲಿ ಇದ್ದ ಹಾಗೇ ಇದೆ. ಇಪ್ಪತ್ತಮೂರು ಕಡೆಯಲ್ಲಿ ಒಂದನ್ನೂ ತುಂಬಿಸಿಲ್ಲ. ಆಗಾಗ ಕೇಳುತ್ತೇನೆ. ಮೂರನೆಯ ಪದದಲ್ಲಿ ಆ ಜಾಗ ಬಂದಾಗ ಅವನು ಅಲ್ಲಿ ಹೇಗೆ ಎತ್ತಿಕೊಂಡಿದ್ದ ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ. ನಾನು ಎದುರಿಗೇ ಕೂತಿದ್ದೆ. ಬರುವುದಿಲ್ಲ.

ಕೆಲಸ ಬಿಡಲಿಲ್ಲ. ಮದುವೆಯ ಹಾಡಿನವರು, ಭಜನಾ ಮಂಡಳಿಯವರು ಈಗಲೂ ಮೆಟ್ಟಿಲು ಹತ್ತಿ ಬರುತ್ತಾರೆ. ನಾನು ಮೂರು ಸಾಲುಗಳ ಮೇಲೂ ಬೆರಳಿಟ್ಟು ನೋಡಿ, ಗಟ್ಟಿಯಾಗಿ ಓದಿ, ಅಷ್ಟು ಹೊತ್ತು ಕಾದು ಗುಂಡಿ ಒತ್ತುತ್ತೇನೆ. ಸಂಖ್ಯೆಗಳು ಮೂರೂ ಸರಿಯಾಗಿರುತ್ತವೆ. ತಿರುಗಿ ಹೇಳುವವನು ಇಲ್ಲ.